ಕೆಂಪು ಚುಕ್ಕೆ ಅಂಟಿಸಿದ ಭಾನುವಾರ

ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಚಿತ್ರಮೇಳದಲ್ಲಿ ಪೇಂಟರನ ಮಳಿಗೆಯ ಮುಂದೆ ನಿಂತವರು ಒಟ್ಟು ನಾಲ್ಕು ಮಂದಿ. ಒಬ್ಬ ಚಪ್ಪಲಿಯೊಳಗೆ ಹೊಕ್ಕ ಕಲ್ಲು ತೆಗೆಯಲು ನಿಂತ. ಒಬ್ಬಾಕೆ ಶೌಚಾಲಯ ಯಾವ ಕಡೆ ಎಂದು ಕೇಳಿದಳು. ಇನ್ನಿಬ್ಬರು ಗಂಡ ಹೆಂಡತಿ. ಅವರು ಚಿತ್ರಗಳನ್ನೇ ನೋಡಿದರು. ಒಂದೊಂದನ್ನೂ ನೋಡಿದರು. ನೋಡಿ ಮುಗಿಸಿ, "ಎಲ್ಲಾ ಬರೀ ಅಂಗಡಿಗಳೇ ಅಲ್ವಾ? ಒಂದು ಹೂವಿಲ್ಲ, ಹಕ್ಕಿ ಇಲ್ಲ" ಅಂತ ಹೆಂಡತಿ ಮೂಗು ಮುರಿದಳು. ಗಂಡ ಅವಳ ಬೆನ್ನಿಗೇ ಹೋದ. ಇಷ್ಟೇ ವ್ಯಾಪಾರ.

ಪೇಂಟರ್ ಅಂದರೆ ಊರಿಗೆಲ್ಲ ಪೇಂಟರ್, ಮನೆಯವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಮೂವತ್ತು ವರ್ಷ ಬೋರ್ಡು ಬರೆದವನು. ಒಂದು ಕಾಲಕ್ಕೆ ಮುಖ್ಯ ರಸ್ತೆಯಲ್ಲಿ ಎತ್ತ ತಿರುಗಿದರೂ ಇವನದೇ ಅಕ್ಷರ: ಹಲ್ಲಿನ ಡಾಕ್ಟರು, ಸೈಕಲ್ ಶಾಪು, ಬೇಕರಿ, ಕಾಂಪೌಂಡಿನ ಮೇಲೆ 'ಇಲ್ಲಿ ಗಾಡಿ ನಿಲ್ಲಿಸಬೇಡಿ'. ಆಮೇಲೆ ಪ್ರಿಂಟು ಹೊಡೆಯುವ ಮೆಷಿನ್ನು ಬಂತು. ಇಪ್ಪತ್ತಡಿ ಬೋರ್ಡನ್ನು ಕಾಲು ಗಂಟೆಯಲ್ಲಿ ಉಗುಳುತ್ತದೆ. ಅದಕ್ಕೆ ಕೈ ನಡುಗುವುದಿಲ್ಲ, ನಡುವೆ ಟೀ ಬೇಕಿಲ್ಲ, ಏಣಿ ಹಿಡಿಯಲು ಇನ್ನೊಬ್ಬ ಬೇಕಿಲ್ಲ. ಮೊದಲು ಹೊಸ ಕೆಲಸ ನಿಂತಿತು. ಆಮೇಲೆ ಹಳೆಯ ಬೋರ್ಡುಗಳೂ ಒಂದೊಂದಾಗಿ ಕೆಳಗಿಳಿದವು. ಪೇಂಟರ್ ಗುಜರಿಯವನ ಹತ್ತಿರ ಹೋಗಿ ಆ ತಗಡುಗಳನ್ನೇ ಹುಡುಕಿ ತಂದ. ಮನೆ ಹಿಂದಿನ ಶೆಡ್ಡಿನಲ್ಲಿ ಕೂತು ಅವುಗಳನ್ನು ಕತ್ತರಿಸಿ, ಬೆನ್ನು ಕಡೆಗೆ ಬಿಳಿ ಬಣ್ಣ ಕೊಟ್ಟು, ಯಾವ ಅಂಗಡಿಯ ಬೋರ್ಡೋ ಅದೇ ಅಂಗಡಿಯ ಚಿತ್ರ ಬರೆಯತೊಡಗಿದ. ಯಾರಾದರೂ ಹೇಳಿದ್ದರೇ? ಇಲ್ಲ. ಯಾರಿಗಾದರೂ ಬೇಕಿತ್ತೇ? ಅದೂ ಇಲ್ಲ. ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ, ಅಷ್ಟೇ.

ವರ್ಷಕ್ಕೊಮ್ಮೆ ಉದ್ಯಾನದ ಪಕ್ಕದ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಚಿತ್ರಮೇಳ ನಡೆಸುತ್ತಾರೆ. ಪೇಂಟರ್ ಬಂದದ್ದು ಇದು ಮೂರನೇ ಸಲ. ಮೊದಲ ವರ್ಷ ಒಂದೂ ಹೋಗಲಿಲ್ಲ, ಎರಡನೇ ವರ್ಷವೂ ಒಂದೂ ಹೋಗಲಿಲ್ಲ. ಹೆಂಡತಿ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಳು. ಭುಜ ಹಿಡಿದುಕೊಂಡು ಈಗೀಗ ಅರ್ಧ ದಿನ ಮೆಷಿನ್ನಿಗೆ ಕೂರಲಾಗುತ್ತಿರಲಿಲ್ಲ. ಆಕೆಯ ಅಣ್ಣನಿಗೆ ಟೈರಿನ ಗೋದಾಮಿತ್ತು. ಗೇಟಿನಲ್ಲಿ ಕೂತು, ಬಂದು ಹೋಗುವ ಲಾರಿಗಳ ನಂಬರ್ ಬರೆದಿಡುವ ಕೆಲಸಕ್ಕೆ ಒಬ್ಬ ಬೇಕಿತ್ತು. "ಬೇರೆಯವರು ಕೇಳ್ತಿದಾರೆ, ನಿನ್ನ ಮುಖ ನೋಡ್ಕೊಂಡು ಭಾನುವಾರ ಸಂಜೆವರೆಗೂ ಇಟ್ಟಿರ್ತೀನಿ" ಅಂದಿದ್ದ ಅಣ್ಣ. ಗಂಡ ಹೆಂಡತಿ ಒಂದು ಮಾತಿಗೆ ಬಂದರು. ಈ ಮೇಳದಲ್ಲಿ ಒಂದೇ ಒಂದು ಚಿತ್ರ ಹೋದರೆ ಪೇಂಟರ್ ಇನ್ನೊಂದು ವರ್ಷ ಬರೆಯಬಹುದು. ಹೋಗದಿದ್ದರೆ ಸೋಮವಾರ ಗೇಟು. ಒಂದು, ಹೆಚ್ಚೇನಲ್ಲ. ಆದರೆ ಆ ಒಂದೇ ಬರಬೇಕಲ್ಲ!

ಪಕ್ಕದ ಮಳಿಗೆ ಕುದುರೆ ಮೇಷ್ಟ್ರದು. ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದ ಮೇಲೆ ಓಡುವ ಕುದುರೆ ಬಿಟ್ಟು ಬೇರೇನೂ ಬರೆದವರಲ್ಲ. ಕೆಂಪು ಕುದುರೆ, ನೀಲಿ ಕುದುರೆ, ಏಳು ಬಿಳಿ ಕುದುರೆ. ಜನ ಮುಗಿಬಿದ್ದಿದ್ದರು.

"ಏನ್ ಪೇಂಟರೇ, ಬೋಣಿಗೆ ಆಯ್ತಾ?" ಮೇಷ್ಟ್ರು ಟೀ ಲೋಟ ಹಿಡಿದು ಬಂದರು.

"ಎಲ್ಲಿ ಮೇಷ್ಟ್ರೇ, ಕೂತು ನೊಣ ಹೊಡೀತಿದೀನಿ."

ಮೇಷ್ಟ್ರು ಚಿತ್ರಗಳ ಮೇಲೆ ಕಣ್ಣಾಡಿಸಿದರು. "ಅಲ್ಲಯ್ಯಾ, ಒಂದು ಕೆಂಪು ಚುಕ್ಕೆ ಇಲ್ವಲ್ಲ ನಿನ್ನ ಅಂಗಡೀಲಿ. ಖಾಲಿ ಬಿದ್ದಿರೋ ಹೋಟೆಲ್ಲಿಗೆ ನೀನು ಹೋಗ್ತೀಯಾ? ಹಾಗೇ ಇದೂನೂ."

ಮೇಳದಲ್ಲೊಂದು ಪದ್ಧತಿ ಇತ್ತು. ಚಿತ್ರ ಕೊಂಡವರು ಕೂಡಲೇ ಒಯ್ಯುವಂತಿಲ್ಲ. ಮಧ್ಯಾಹ್ನಕ್ಕೇ ಗೋಡೆಗಳು ಬೋಳಾದರೆ ಆಮೇಲೆ ಬಂದವರು ಏನು ನೋಡಬೇಕು? ಹಾಗಾಗಿ ಮಾರಾಟವಾದ ಚಿತ್ರದ ಮೂಲೆಗೊಂದು ಕೆಂಪು ಚುಕ್ಕೆ ಅಂಟಿಸಿ ಅಲ್ಲೇ ತೂಗುಬಿಡುವುದು. ಕೊಂಡವರು ಸಂಜೆ ಐದಕ್ಕೆ ಬಂದು ದುಡ್ಡು ಕೊಟ್ಟು ತೆಗೆದುಕೊಂಡು ಹೋಗುವುದು. ಮೇಷ್ಟ್ರ ಹನ್ನೊಂದು ಕುದುರೆಗಳಲ್ಲಿ ನಾಲ್ಕಕ್ಕೆ ಆಗಲೇ ಚುಕ್ಕೆ ಬಿದ್ದಿತ್ತು.

"ನಾಲ್ಕರಲ್ಲಿ ಎರಡು ಸುಳ್ಳು" ಎಂದು ಮೇಷ್ಟ್ರು ದನಿ ತಗ್ಗಿಸಿ ನಕ್ಕರು. "ಬಾಯಿ ಬಿಡಬೇಡ ಮತ್ತೆ. ಎಲ್ಲರೂ ಮಾಡೋದೇ. ತಗೋ, ಒಂದು ಅಂಟಿಸು. ಇರೋದ್ರಲ್ಲಿ ಒಳ್ಳೇದಕ್ಕೇ ಅಂಟಿಸ್ಬೇಕು, ಇಲ್ಲಾಂದ್ರೆ ಯಾರೂ ನಂಬಲ್ಲ."

"ಅದೇ ಬೇಕು ಅಂತ ಯಾರಾದ್ರೂ ಕೇಳಿದ್ರೆ?"

"ಕೇಳಿದ್ರೆ ಒಳ್ಳೇದೇ ಆಯ್ತಲ್ಲ! ಮೊದಲ ಪಾರ್ಟಿ ಕೈಕೊಟ್ಟಿತು, ನಿಮ್ಮ ಅದೃಷ್ಟ ಅನ್ನು. ಇನ್ನೂ ಖುಷಿಯಾಗಿ ತಗೋತಾರೆ."

ಪೇಂಟರ್ ಅರ್ಧ ಗಂಟೆ ಆ ಚುಕ್ಕೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡೇ ಕೂತಿದ್ದ. ಯಾವುದು ಒಳ್ಳೆಯದು ಎಂಬುದರಲ್ಲಿ ಅನುಮಾನವಿರಲಿಲ್ಲ. ಅಕ್ಷರದ ಮನುಷ್ಯನಿಗೆ ಮುಖ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಅವನ ಅಂಗಡಿಗಳಲ್ಲಿ ಜನರೇ ಇರುತ್ತಿರಲಿಲ್ಲ. ಒಂದರಲ್ಲಿ ಮಾತ್ರ ಇದ್ದ. ಬಸ್ ನಿಲ್ದಾಣದ ಎದುರು ಕೂರುತ್ತಿದ್ದ ವಾಚ್ ರಿಪೇರಿಯವನು. ಕಣ್ಣಿಗೆ ಮಸೂರ ಸಿಕ್ಕಿಸಿ ಬಗ್ಗಿ ಕೂತಿದ್ದಾನೆ, ಮುಖ ಕಾಣುವುದಿಲ್ಲ. ದೀಪದ ಕೆಳಗೆ ನಡು ನೆತ್ತಿಯ ಬೋಳು, ಎರಡು ಕೈ, ಇಷ್ಟೇ. ಆ ಚಿತ್ರ ತಾನೇ ಬರೆದೆನೇ ಅಂತ ಪೇಂಟರನಿಗೇ ಆಗಾಗ ಆಶ್ಚರ್ಯವಾಗುತ್ತಿತ್ತು. ಚುಕ್ಕೆಯನ್ನು ಅದರ ಮೂಲೆಗೆ ಅಂಟಿಸಿದ.

ಒಂದು ಗಂಟೆಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಹಿಂದಿನ ಎರಡು ವರ್ಷ ಬಂದವಳಲ್ಲ, ಅವನೇ ಬೇಡ ಅಂದಿದ್ದ. ಕೂರುವ ಮೊದಲೇ ಅವಳ ಕಣ್ಣು ಚುಕ್ಕೆಯ ಮೇಲೆ ಬಿತ್ತು. ಒಳಗೆ ಬರುವಾಗ ಪ್ರತಿ ಮಳಿಗೆಯಲ್ಲೂ ಚುಕ್ಕೆ ಕಂಡು ಅದೇನೆಂದು ಕೇಳಿ ತಿಳಿದುಕೊಂಡೇ ಬಂದಿದ್ದಳು.

"ರೀ... ಇದು ಹೋಯ್ತಾ?"

ಪೇಂಟರ್ ಬಾಯಿ ತೆರೆದ. ಇಲ್ಲ ಕಣೇ, ಮೇಷ್ಟ್ರು ಹೇಳಿದ್ರು ಅಂತ ಅನ್ನಬೇಕು. ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವಳ ಮುಖ ನೋಡಿದ.

"ಹೂಂ" ಅಂದ.

ಥೂ ಇವನ! ಒಂದು 'ಹೂಂ' ಎಷ್ಟು ಸುಲಭಕ್ಕೆ ಬಂತು ನೋಡಿ. ಹೆಂಡತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಡಚುವ ಕುರ್ಚಿಯಲ್ಲಿ ಕುಸಿದು ಕೂತಳು. ನಗತೊಡಗಿದಳು. ಸಣ್ಣಗೆ ಶುರುವಾದದ್ದು ನಿಲ್ಲಲೇ ಇಲ್ಲ, ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ತಗೋಳ್ಳಿ, ಶೆಡ್ಡಲ್ಲಿ ಕೂತು ತಗಡು ಕೆರೀತಾರೆ ಅಂತ ನಾನೇ ಎಷ್ಟು ಸಲ ಬೈದಿದೀನಿ ನಿಮಗೆ!" ಅಂದಳು. ಪೇಂಟರನೂ ಹಲ್ಲು ಕಿರಿದ. ಸಂಜೆ ಹೇಳಿದರಾಯಿತು, ಪಾರ್ಟಿ ಕೈಕೊಟ್ಟಿತು ಅಂದರಾಯಿತು, ಅಷ್ಟರೊಳಗೆ ಬೇರೊಂದಾದರೂ ಹೋಗದೆ ಇರುತ್ತದೆಯೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಊಟವಾದ ಮೇಲೆ ಅವಳೇ ಅಂದಳು: "ಬೆಳಗ್ಗಿಂದ ಕೂತಲ್ಲೇ ಕೂತಿದೀರ. ಹೋಗಿ ಕಾಲಾಡಿಸಿಕೊಂಡು ಬನ್ನಿ, ನಾನಿದೀನಲ್ಲ. ಇನ್ನೂ ಒಂದೆರಡು ಮಾರಿಬಿಡ್ತೀನಿ ನೋಡ್ತಿರಿ."

ಉದ್ಯಾನದಲ್ಲಿ ಮೂರು ಶೌಚಾಲಯ, ಎರಡಕ್ಕೆ ಬೀಗ. ಸಾಲಿನಲ್ಲಿ ಇಪ್ಪತ್ತೈದು ನಿಮಿಷ ನಿಂತ. ವಾಪಸು ಬರುವಾಗ ದೂರದಿಂದಲೇ ಹೆಂಡತಿ ಕೈಬೀಸಿ ಕರೆಯುತ್ತಿರುವುದು ಕಾಣಿಸಿತು.

"ರೀ, ಇನ್ನೊಬ್ರು ಬಂದಿದ್ರು! ಅದೇ ಚಿತ್ರ ಬೇಕಂತೆ, ವಾಚಿಂದು!"

"ನೀನು ಏನಂದೆ?"

"ಏನಂತಾರೆ? ಮಾರಾಟ ಆಗೋಗಿದೆ ಅಂದೆ. ಪಾಪ ರೀ, ಅದು ಅವರ ಅಪ್ಪನಂತೆ. ನೆತ್ತಿ ನೋಡಿದ ಕೂಡ್ಲೇ ಗೊತ್ತಾಯ್ತು ಅಂದ್ರು. ತೀರಿಕೊಂಡು ಆರು ವರ್ಷ ಆಯ್ತಂತೆ, ಕೆಲಸ ಮಾಡ್ತಿರೋ ಒಂದು ಫೋಟೋನೂ ಇಲ್ವಂತೆ. ನಿಂತಲ್ಲೇ ಅತ್ತುಬಿಟ್ರು. ಕೊಂಡವರ ಹತ್ರ ಮಾತಾಡ್ತೀನಿ, ನಂಬರ್ ಕೊಡಿ ಅಂತ ನನ್ನ ಕೈ ಹಿಡ್ಕೊಂಡ್ರು. ಕೊಟ್ಟ ಮಾತು ಕೊಟ್ಟ ಹಾಗೇ ಅಮ್ಮಾ, ಅವರೂ ಆಸೆಪಟ್ಟೇ ತಗೊಂಡಿದಾರೆ, ತಪ್ಪು ತಿಳ್ಕೋಬೇಡಿ ಅಂದೆ. ಹಾಗಾದ್ರೆ ನನ್ನ ನಂಬರಾದ್ರೂ ಬರ್ಕೊಳ್ಳಿ ಅಂದ್ರು. ಸುಮ್ನೆ ಯಾಕೆ ಆಸೆ ಹುಟ್ಟಿಸೋದು ಅಂತ ಅದೂ ಬೇಡ ಅಂದೆ. ಫೋನಲ್ಲಿ ಒಂದು ಫೋಟೋ ತಕ್ಕೊಂಡು ಹೋದ್ರು."

"ಯಾವ ಕಡೆ ಹೋದ್ರು?"

"ಆ ಕಡೆ ಗೇಟಿಗೆ. ಹಸಿರು ಕೊಡೆ ಇತ್ತು. ಯಾಕ್ರೀ?"

ಐವತ್ತೆಂಟರ ಮನುಷ್ಯ, ಮಂಡಿ ನೋವು ಬೇರೆ, ಜನರ ನಡುವೆ ಓಡಿದ. ಕುದುರೆಗಳು, ಹೂವುಗಳು, ಬಿಸಿಲಿಗೆ ಹಿಡಿದ ನೂರಾರು ಕೊಡೆಗಳು. ಆ ಹೆಂಗಸಿಗೆ ಗೊತ್ತಿರಲಿಲ್ಲ, ಪೇಂಟರನಿಗೆ ಮಾತ್ರ ಗೊತ್ತಿತ್ತು: ಆ ತಗಡನ್ನು ತಿರುಗಿಸಿ ನೋಡಿದ್ದರೆ ಹಿಂದೆ ಅವಳಪ್ಪನ ಹೆಸರೇ ಇತ್ತು. ಹಳದಿಯ ಮೇಲೆ ಕಪ್ಪು ಅಕ್ಷರ, ಕೆಂಪು ನೆರಳು. ಜಗತ್ತಿನಲ್ಲಿ ಆ ಚಿತ್ರ ಬೇಕಾಗಿದ್ದವಳು ಒಬ್ಬಳೇ ಒಬ್ಬಳು, ಬಂದಿದ್ದಳು, ಬೇಡಿದ್ದಳು. ಗೇಟಿನ ಹತ್ತಿರ ಒಂದು ಹಸಿರು ಕೊಡೆ ಕಂಡಿತು. ಓಡಿ ಹೋಗಿ ಅಡ್ಡ ನಿಂತ. ಕೊಡೆಯ ಕೆಳಗಿದ್ದದ್ದು ಒಬ್ಬ ಮುದುಕ. "ಏನಪ್ಪಾ?" ಅಂದ. ಏನೂ ಇಲ್ಲ ಎಂದು ಪೇಂಟರ್ ಪಕ್ಕಕ್ಕೆ ಸರಿದ. ಹೊರಗಿನ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ಅರ್ಧ ಗಂಟೆ ಅಲ್ಲೇ ನಿಂತು, ಬೆವರು ಒರೆಸಿಕೊಂಡು ವಾಪಸು ಬಂದ.

"ಪಾರ್ಟಿ ಕೈಕೊಟ್ಟಿತು ಅನ್ನು ಅಂತ ಹೆಂಡತಿಗೆ ಹೇಳಿರೋದಲ್ವೇನಯ್ಯಾ" ಎಂದು ಮೇಷ್ಟ್ರು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ಅವಳಿಗೆ ಗೊತ್ತಿಲ್ಲ ಮೇಷ್ಟ್ರೇ. ಅವಳಿಗೂ ಸುಳ್ಳೇ ಹೇಳಿದೀನಿ."

ಮೇಷ್ಟ್ರು ತಮ್ಮ ಕುದುರೆಗಳ ಕಡೆ ಹೋದವರು ಮತ್ತೆ ಸಂಜೆಯವರೆಗೆ ಈ ಕಡೆ ತಲೆ ಹಾಕಲಿಲ್ಲ.

ಬೇರೆ ಯಾವುದೂ ಹೋಗಲಿಲ್ಲ. ಹೆಂಡತಿ ಹೋಗಿ ಬರುವವರನ್ನೆಲ್ಲ "ಬನ್ನಿ, ನೋಡಿ, ಕೈಯಲ್ಲೇ ಬರ್ದಿರೋದು" ಅಂತ ಕರೆದಳು. ಜನ ನಕ್ಕು ಮುಂದೆ ಹೋದರು. ಐದಾಯಿತು, ಐದೂವರೆಯಾಯಿತು. ಸುತ್ತ ಡೇರೆ ಬಿಚ್ಚುತ್ತಿದ್ದರು, ಕಂಬಗಳು ದಡಬಡ ಲಾರಿಗೆ ಬೀಳುತ್ತಿದ್ದವು. ಅವಳು ವಾಚಿನ ಚಿತ್ರವನ್ನು ಮೊದಲು ಹಾಳೆಯಲ್ಲಿ, ಆಮೇಲೆ ಮನೆಯಿಂದ ತಂದ ಹತ್ತಿಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಮೂಲೆಗೆ ದಾರ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಎದ್ದೇಳು, ಹೋಗೋಣ" ಅಂದ ಪೇಂಟರ್.

"ಅವರು ಬರ್ಲಿ ರೀ. ದೂರದಿಂದ ಬರೋರಿರಬಹುದು. ನಾವೇ ಹೊರಟುಬಿಟ್ರೆ ಏನಂದ್ಕೋತಾರೆ?"

"ಯಾರೂ ಬರಲ್ಲ ಕಣೇ."

"ಹೇಗೆ ಹೇಳ್ತೀರ?"

ಆಗ ಹೇಳಿದ. ನಿಂತುಕೊಂಡೇ, ನೆಲ ನೋಡುತ್ತಾ, ಮೇಷ್ಟ್ರು ಚುಕ್ಕೆ ಕೊಟ್ಟದ್ದರಿಂದ ಹಿಡಿದು ಹಸಿರು ಕೊಡೆಯವರೆಗೆ ಎಲ್ಲವನ್ನೂ ಹೇಳಿದ. ಅವಳು ದಾರದ ಗಂಟನ್ನೇ ನೋಡುತ್ತಿದ್ದಳು.

"ನಾನು ಬಂದಾಗಲೇ ಹೇಳಬಾರದಿತ್ತಾ?"

"ಹೇಳಬೇಕು ಅಂತಲೇ ಇದ್ದೆ. ನೀನು ನಗ್ತಾ ಇದ್ದೆ."

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಫೋನ್ ತೆಗೆದಳು. ತಿರುಗಿ ನಿಂತು ಮಾತಾಡಿದಳು. ಪೇಂಟರನಿಗೆ ಕೇಳಿಸಿದ್ದು ಅವಳ ಮಾತಷ್ಟೇ: "ಅಣ್ಣಾ, ನಾನೇ... ಹೂಂ... ಆಯ್ತಾ? ಯಾವಾಗ?... ಇಲ್ಲಣ್ಣಾ, ಸುಮ್ನೆ ಕೇಳ್ದೆ." ಫೋನನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚಿದಳು.

"ನೀವು ಆ ಕಡೆ ಹೋದಾಗ ಅಣ್ಣನಿಗೆ ಫೋನ್ ಮಾಡಿದ್ದೆ. ನಮ್ಮನೆಯವರ ಚಿತ್ರ ಹೋಯ್ತು, ನಿನ್ನ ಗೇಟು ಕಾಯೋಕೆ ಅವರು ಬರಲ್ಲ, ಬೇರೆ ಯಾರನ್ನಾದ್ರೂ ನೋಡ್ಕೋ ಅಂದೆ. ಜೋರಾಗೇ ಅಂದೆ. ಎಷ್ಟು ವರ್ಷ ಅವನ ಬಾಯಲ್ಲಿ ಕೇಳಿದೀನಿ ನಿಮ್ಮ ಬಗ್ಗೆ. ಮೂರು ಗಂಟೆಗೇ ಬೇರೆಯವನಿಗೆ ಮಾತು ಕೊಟ್ಟಾಯ್ತಂತೆ. ನಾಳೆ ಬೆಳಗ್ಗೆಯಿಂದ ಬರ್ತಾನಂತೆ."

ಡೇರೆಯವನು ಬಂದು, ಜಾಗ ಖಾಲಿ ಮಾಡಿ ಸಾರ್, ಇದೊಂದೇ ಉಳಿದಿರೋದು ಅಂದ. ಪೇಂಟರ್ ಉಳಿದ ಹದಿಮೂರು ತಗಡುಗಳನ್ನು ಹಗ್ಗದಲ್ಲಿ ಕಟ್ಟಿದ. ಹೆಂಡತಿಯ ಕೈಯಲ್ಲಿದ್ದದ್ದನ್ನೂ ಕಟ್ಟಿಗೆ ಸೇರಿಸೋಣವೆಂದು ಕೈಚಾಚಿದ. ಅವಳು ಕೊಡಲಿಲ್ಲ. ಕೊಡಬಾರದು ಅಂತಲ್ಲ, ಕೊಡಬೇಕೆಂಬುದು ಅವಳಿಗೆ ತೋಚಿರಲಿಲ್ಲ.

"ಆಯಮ್ಮ ಕೈ ಹಿಡ್ಕೊಂಡು ಬೇಡಿದ್ಳು ರೀ" ಅಂದಳು. "ನಾನು ಅಷ್ಟು ದೊಡ್ಡಸ್ತಿಕೆಯಿಂದ ಕಳಿಸಿಬಿಟ್ಟೆ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಇವತ್ತೊಂದು ದಿನ ನಿಮ್ಮ ಕೆಲಸದ ಮೇಲೆ ನಂಗೆ ಜಂಬ ಬಂದಿತ್ತು. ಅದನ್ನೂ ನೀವು ಸುಳ್ಳು ಹೇಳೇ ತರಿಸಬೇಕಿತ್ತಾ?"

ಪೇಂಟರ್ ತಗಡಿನ ಕಟ್ಟನ್ನು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದ; ಅವಳು ನಾಲ್ಕು ಹೆಜ್ಜೆ ಹಿಂದೆ ಬಂದಳು, ಮನೆ ತಲುಪುವವರೆಗೂ ಹಿಂದೆಯೇ ಬಂದಳು.