ಹದಿನೈದನೆಯ ದಿನದ ಸಿರ್ಕಾ

ಇದನ್ನು ಬರೆಯಬೇಕೆಂದು ಎಷ್ಟು ವಾರ ಕೂತು ಎದ್ದೆನೋ ಲೆಕ್ಕವಿಲ್ಲ. ಪ್ರತಿ ಸಲ ಬೇರೇನೋ ವಿಷಯ ಸಿಕ್ಕಿಬಿಡುತ್ತಿತ್ತು. (ಹೋದ ವಾರದ ಸೊಳ್ಳೆ ಪುರಾಣ, ಅದರ ಹಿಂದಿನ ವಾರದ ಬಸ್ ಸ್ಟ್ಯಾಂಡ್ ಚಹಾ: ಎರಡೂ ತಪ್ಪಿಸಿಕೊಳ್ಳುವ ಉಪಾಯಗಳೇ. ನೀವು ಮೆಚ್ಚಿ ಪತ್ರ ಬರೆದಿರಿ. ನನಗೆ ನಾಚಿಕೆಯಾಯಿತು.)

ಈ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾರಣ ಒಂದು ಬಾಟಲಿ.

ಭಾನುವಾರ ಕಲಬುರಗಿಯಲ್ಲಿ ತಂಗಿಯ ಮಗನ ಮನೆಗೆ ಊಟಕ್ಕೆ ಹೋಗಿದ್ದೆ. ಯಾರೋ ಅವನಿಗೆ ದೂರದ ಥಂಡಿ ಗುಡ್ಡದ ವೈನು ತಂದುಕೊಟ್ಟಿದ್ದರು. ದೊಡ್ಡ ಕಂಪನಿಯದಲ್ಲವಂತೆ. ಗಂಡ, ಹೆಂಡತಿ, ಮಕ್ಕಳು ಸೇರಿ ತಮ್ಮ ಸಣ್ಣ ತೋಟದ ದ್ರಾಕ್ಷಿಯಿಂದ ಮಾಡಿದ್ದಂತೆ. ಗ್ಲಾಸಿನ ತಳದಲ್ಲಿ ಒಂದಿಷ್ಟು ಸುರಿದುಕೊಟ್ಟ. ನಾನು ಔಷಧಿ ಕುಡಿಯುವವನ ಹಾಗೆ ಎತ್ತಿದೆ.

"ಮಾಮಾ, ಹಂಗ ಗಟಗಟ ಕುಡೀಬ್ಯಾಡ್ರಿ. ಇದು ಮಜ್ಜಿಗಿ ಅಲ್ಲ. ಮೊದಲ ವಾಸನಿ ನೋಡ್ರಿ."

ಅವನ ಹೆಂಡತಿ ಮೂಸಿ, "ಪೇರಲ ಹಣ್ಣಿನ ವಾಸನಿ ಬರ್ಲಿಕತ್ತದ" ಎಂದಳು. ನಾನು ಮೂಸಿದೆ. ನನ್ನ ಬಾಯಿಂದ ಬಂದದ್ದು ಇಷ್ಟೇ: "ತೊಯ್ದ ಫರ್ಸಿ ಕಲ್ಲು."

"ವಾಹ್ ಮಾಮಾ! ಮಿನರಲ್ ಅಂತಾರ ಇದಕ್ಕ. ದೊಡ್ಡ ದೊಡ್ಡ ಟೇಸ್ಟರ್ ಹೇಳೋ ಮಾತು. ನೀವು ಎಲ್ಲಿ ಕಲ್ತ್ರಿ?"

ಚಿಂಚೋಳಿಯಲ್ಲಿ ಕಲಿತೆ ಎಂದರೆ ನಂಬುತ್ತಿದ್ದನೇ? ಕಣ್ಣು ತುಂಬಿತ್ತು. ಗ್ಲಾಸು ಕೆಳಗಿಟ್ಟು ಕೈ ತೊಳೆಯಲು ಎದ್ದೆ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಮ್ಯಾಟ್ರಿಕ್ ಮುಗಿಸಿದ ನಾನು ಸೇಡಂ ಬಿಟ್ಟು ಚಿಂಚೋಳಿಗೆ ಗುಮಾಸ್ತನಾಗಿ ಹೋದೆ. ಬಾಡಿಗೆ ಕೋಣೆ ಸಿಕ್ಕಿದ್ದು ಮುನ್ಶಿ ಸಾಹೇಬರ ಮನೆಯಲ್ಲಿ. ಮನೆಯ ಹಿಂದೆ ಬಾವಿ. ಬಾವಿಯ ಸುತ್ತ ಅರ್ಧ ಎಕರೆ ಕರಿ ದ್ರಾಕ್ಷಿ. ಅಂಗೂರಿನ ಬಾಗ್ ಎಂದೇ ಊರಿಗೆ ಗೊತ್ತು. ಬಳ್ಳಿ ಸವರುವುದು ಸಾಹೇಬರ ಕೆಲಸ. ಉಳಿದದ್ದೆಲ್ಲ ಅವರ ಹೆಂಡತಿಯದು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ.

ಚಾಚಿ ಮಾಡುತ್ತಿದ್ದುದು ವೈನಲ್ಲ. ಸಿರ್ಕಾ. ಉಪ್ಪಿನಕಾಯಿಗೆ ಹಾಕುವ ಹುಳಿ, ದ್ರಾಕ್ಷಿಯ ವಿನೆಗರ್. ಹಣ್ಣು ಹಿಚುಕಿ, ದೊಡ್ಡ ಭರಣಿಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಫರ್ಸಿ ಹಾಸಿದ ತಂಪು ಕೋಣೆಯಲ್ಲಿ ನಲವತ್ತು ದಿನ ಇಡುತ್ತಿದ್ದರು. ಮಾಘದ ಚಳಿ, ಕಾಲಿಗೆ ಕೊರೆಯುವ ಕಲ್ಲು, ಭರಣಿಗೆ ಸುತ್ತಿದ ಹಸಿ ಗೋಣಿ. ನಲವತ್ತು ದಿನಕ್ಕೆ ಚಿಲ್ಲಾ ಎನ್ನುತ್ತಿದ್ದರು. ಚಿಲ್ಲಾ ಮುಗಿಯುವ ತನಕ ಬಟ್ಟೆ ಬಿಚ್ಚುವ ಹಾಗಿಲ್ಲ.

"ನಡುವ ಬಿಚ್ಚಿದ್ರ ಏನಾಗ್ತದ ಚಾಚಿ?" ಎಂದು ಕೇಳಿದ್ದೆ.

"ನಡುವ ಅದು ಏನಾಗಿರ್ತದ ಅನ್ನೋದು ಅಲ್ಲಾಗ ಗೊತ್ತು ಬೇಟಾ. ನನಗ ಗೊತ್ತಾಗೋದು ಬ್ಯಾಡ. ಹುಳಿ ಆದಮ್ಯಾಲ ಹಲಾಲ್."

ಎಷ್ಟು ಸರಳ! ರಸ ಹುಳಿಯಾಗುವ ಮುಂಚೆ ಮದ್ಯವಾಗುತ್ತದೆ. ಆ ಕೆಲವು ದಿನಗಳ ಕಡೆ ಚಾಚಿ ಬೆನ್ನು ತಿರುಗಿಸಿಬಿಡುತ್ತಿದ್ದರು. ಅವರ ಸಿರ್ಕಾದ ಪಾವಿತ್ರ್ಯ ಆ ಬಟ್ಟೆಯ ಗಂಟಿನಲ್ಲಿತ್ತು. ಆ ನಂಬಿಕೆಯ ಮೇಲೇ ಎಲ್ಲ ಜಾತಿಯ ಮನೆಗಳ ಉಪ್ಪಿನಕಾಯಿಗೆ ಅದು ಹೋಗುತ್ತಿತ್ತು.

ಆ ವರ್ಷ ಸಾಹೇಬರು ಹುಮನಾಬಾದಿನ ಮದುವೆಗೆ ಹೋದರು. ಚಾಚಿಗೆ ಕಾಲು ಊದಿಕೊಂಡು ನಡೆಯಲು ಆಗುತ್ತಿರಲಿಲ್ಲ. ಕೋಣೆಯ ಕೀಲಿ ನನ್ನ ಕೈಗಿಟ್ಟರು. "ಗೋಣಿಗೆ ದಿನಾ ಎರಡ ಸಲ ನೀರ ಹೊಡಿ. ಅಷ್ಟೇ ನೋಡು."

ಅಷ್ಟೇ ಮಾಡಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಹದಿನೈದನೆಯ ದಿನ ಬಟ್ಟೆ ಬಿಚ್ಚಿದೆ. ಒಂದು ಲೋಟ ಅದ್ದಿದೆ. ಸಿಹಿ ಎನ್ನುವಷ್ಟರಲ್ಲಿ ಹುಳಿ, ಹುಳಿ ಎನ್ನುವಷ್ಟರಲ್ಲಿ ಒಗರು. ನಾಲಗೆಯ ಮೇಲೆ ಸಣ್ಣಗೆ ಚುರ್ರೆಂದಿತು. ಗಂಟಲಿಳಿದ ಮೇಲೂ ತೊಯ್ದ ಕಲ್ಲಿನ ವಾಸನೆ ಮೂಗಿನಲ್ಲೇ ಉಳಿಯಿತು. ಜೀವಮಾನದಲ್ಲಿ ಅಂಥದ್ದು ಮತ್ತೆ ಕುಡಿದಿಲ್ಲ. ಇಂದಿಗೂ ಬಾಯಿ ಅದನ್ನೇ ಹುಡುಕುತ್ತದೆ. (ತಪ್ಪಿಗೂ ಇಷ್ಟು ರುಚಿ ಇರಬೇಕೇ?)

ಒಬ್ಬನೇ ಕುಡಿದು ಸುಮ್ಮನಿರಬಹುದಿತ್ತು. ಇಲ್ಲ, ಹೇಳಿಕೊಳ್ಳಬೇಕಲ್ಲ! ವಾಡಿಯ ಕಾರ್ಖಾನೆಯಲ್ಲಿದ್ದ ಇಬ್ಬರು ಗೆಳೆಯರನ್ನು ರಜೆಯ ದಿನ ಕರೆಸಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಭರಣಿ ಅರ್ಧವಾಯಿತು. ಅವರಲ್ಲೊಬ್ಬ ಬಸ್ಸು ಹಿಡಿಯಲು ಹೋದವನು ಹೋಟೆಲ್ ಮುಂದೆ ನಿಂತು ಕೂಗಿದ: "ಮುನ್ಶಿ ಸಾಹೇಬ್ರ ಮನ್ಯಾಗ ಅಂಗೂರಿ ಸಿಗ್ತದ ನೋಡ್ರೋ! ಭಾಳ ಛಲೋ ಅದ!"

ಅಂಗೂರಿ ಎಂದರೆ ನಮ್ಮ ಕಡೆ ದ್ರಾಕ್ಷಿಯ ಶರಾಬು. ಐದು ಹೊತ್ತು ನಮಾಜಿನ ಮನೆ ಅದು.

ಸಾಹೇಬರು ಮರಳಿದ ದಿನವೇ ಓಣಿಯ ಹಿರಿಯರು ಅಂಗಳಕ್ಕೆ ಬಂದು ಕೂತರು. ಒಬ್ಬರು ನನ್ನನ್ನೇ ಕೇಳಿದರು. "ಕೀಲಿ ನಿನ್ನ ಹತ್ರ ಇತ್ತಲ್ಲಪ್ಪ. ಯಾರು ಕೊಟ್ರು ಅವ್ರಿಗೆ?"

"ನನಗ ಗೊತ್ತಿಲ್ಲರಿ" ಎಂದೆ. "ನಾ ಬರೇ ನೀರ ಹೊಡದೀನಿ."

ಚಾಚಿ ಗೋಡೆ ಹಿಡಿದು ಫರ್ಸಿ ಕೋಣೆಗೆ ಹೋದರು. ಬಾಗಿಲಲ್ಲಿದ್ದ ನನಗೆ ಎಲ್ಲ ಕಾಣುತ್ತಿತ್ತು. ಅವರು ಕಟ್ಟುತ್ತಿದ್ದ ಗಂಟೇ ಬೇರೆ. ಭರಣಿಯ ಮೇಲಿದ್ದದ್ದು ನಾನು ಪೈಜಾಮದ ಲಾಡಿಗೆ ಹಾಕುವಂಥ ಗಂಟು. ಅದರ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಹೊರಗೆ ಬಂದು, ತಲೆಯ ಮೇಲಿನ ಸೆರಗು ಎಳೆದುಕೊಂಡು ಹೇಳಿದರು:

"ನಾನೇ ಕೊಟ್ಟೀನಿ. ಹುಡುಗ್ರು ಬಿಸಿಲಾಗ ಬಂದಿದ್ರು. ಶರಬತ್ ಅಂತ ತಿಳ್ದು ಕೊಟ್ಟೆ. ಗಲ್ತಿ ನಂದು."

ಹಿರಿಯರು ತೌಬಾ ಎಂದು ಎದ್ದುಹೋದರು. ಮನೆಯ ಮಾನ ಉಳಿಯಿತು. ಆದರೆ ಚಾಚಿಯದು? ಸಿರ್ಕಾಕ್ಕೂ ಶರಬತ್ತಿಗೂ ವ್ಯತ್ಯಾಸ ತಿಳಿಯದ ಹೆಂಗಸು ಎಂದಾಯಿತು. ಓಣಿಯ ಬಾವಿಕಟ್ಟೆಯಲ್ಲಿ ಹೆಂಗಸರು ಆಡಿದ್ದನ್ನು ನಾನೇ ಕಿವಿಯಾರೆ ಕೇಳಿದೆ: "ಆಕಿ ಸಿರ್ಕಾ ಬ್ಯಾಡವಾ. ಹದಿನೈದು ದಿನದ್ದೋ ನಲವತ್ತು ದಿನದ್ದೋ, ಆಕಿಗೇ ನೆಪ್ಪಿಲ್ಲ!" ನಕ್ಕರು. ಆ ಬೇಸಿಗೆ ಸಿರ್ಕಾ ತುಂಬಿಸಿಕೊಳ್ಳಲು ಯಾವ ಮನೆಯಿಂದಲೂ ಖಾಲಿ ಬಾಟಲಿ ಬರಲಿಲ್ಲ. ಚಾಚಿ ಭರಣಿಗಳನ್ನು ಬಳ್ಳಿಗಳ ಬುಡಕ್ಕೆ ಬಗ್ಗಿಸಿದರು. ಮುಂದೆ ಎಂದೂ ತುಂಬಲಿಲ್ಲ.

ನನಗೆ ಒಂದೇ ಮಾತು ಹೇಳಿದರು. "ನಿನ್ನ ನೌಕರಿ ಹೊಸದು ಬೇಟಾ."

ನಾನು ಅರ್ಜಿ ಹಾಕಿ ಚಿತ್ತಾಪುರಕ್ಕೆ ವರ್ಗ ಮಾಡಿಸಿಕೊಂಡೆ. ಓಡಿಹೋದೆ ಎನ್ನಿ.

ಎಷ್ಟೋ ವರ್ಷಗಳ ನಂತರ ಶಹಾಬಾದ್ ಸ್ಟೇಷನ್ನಿನಲ್ಲಿ ಸಾಹೇಬರು ಸಿಕ್ಕರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಎಲ್ಲ ಒಪ್ಪಿಕೊಂಡು ಮಾಫಿ ಕೇಳಿದೆ. ಅವರು ಕೋಲು ತಿರುಗಿಸುತ್ತ ಕೇಳಿಸಿಕೊಂಡರು.

"ನನಗ ಅವತ್ತೇ ಗೊತ್ತಿತ್ತು. ನಲವತ್ತು ವರ್ಷ ಸಿರ್ಕಾ ಮಾಡಿದಾಕಿಗಿ ಶರಬತ್ ತಿಳಿಯೂದಿಲ್ಲೇನು? ನನಗ ಯಾಕ ಹೇಳ್ತೀ? ಮನಿಗಿ ಬಾ. ಆಕಿಗಿ ಹೇಳು. ಬಾಗಲದಾಗ ಯಾರ ಬಂದ್ರೂ ನೀನೇ ಏನಂತ ನೋಡ್ತಾಳ."

"ಬರ್ತೀನ್ರಿ" ಎಂದೆ. ರೈಲು ಬಂತು.

ಹೋಗಲಿಲ್ಲ. ಆಮೇಲೆ ಚಿಂಚೋಳಿಯ ಮೇಲೆ ಹಾಯ್ದು ಚಂದ್ರಂಪಳ್ಳಿಯ ಕೆರೆ ನೋಡಲು ಎರಡು ಸಲ ಹೋದೆ. ಆ ಓಣಿಯ ತಿರುವಿನಲ್ಲಿ ಬಸ್ಸು ನಿಂತಾಗ ಎರಡು ಸಲವೂ ಪೇಪರು ಬಿಡಿಸಿ ಮುಖಕ್ಕೆ ಹಿಡಿದೆ. ಮೂರನೆಯ ಸಲ ಇಳಿದೇಬಿಟ್ಟೆ. ಬಾಗಿಲಲ್ಲಿ ಬೇರೆಯವರಿದ್ದರು.

ದಿನಕ್ಕೆ ಹತ್ತು ಸಲ ಸಾರಿ ಎನ್ನುತ್ತೇವೆ. ರಾಂಗ್ ನಂಬರಿಗೆ ಸಾರಿ, ಕಾಲು ತುಳಿದರೆ ಸಾರಿ, ಗುರುತಿಲ್ಲದವರಿಗೆಲ್ಲ ಸಾರಿ. ಕೇಳಲೇಬೇಕಾದವರ ಮುಂದೆ ಮಾತ್ರ ಬಸ್ಸು ನಿಂತರೂ ನಾವು ಯಾಕೆ ಇಳಿಯುವುದಿಲ್ಲ?

ಇಡೀ ಊರು ಅವರನ್ನು ಮುನ್ಶಿ ಸಾಹೇಬರ ಹೆಂಡತಿ ಎಂದಿತು, ನಾನು ಚಾಚಿ ಎಂದೆ. ನಾನು ಮಾಫಿ ಕೇಳದೆ ಉಳಿದವರ ಹೆಸರು ಹಲೀಮಾ ಬೀ.