ಕೆಂಡ ಸಾಕುವ ವಿದ್ಯೆ

ಮಹಾಯುದ್ಧವು ಮದ್ದೂರಿನ ನಮ್ಮ ಮನೆಯನ್ನು ಪ್ರವೇಶಿಸಿದ್ದು ಬೆಂಕಿಪೊಟ್ಟಣದ ಮೂಲಕ. ಅಂಗಡಿಯಲ್ಲಿ ಅದು ಸಿಗದಾಯಿತು. ನಾನು ಸ್ಕೂಲು ಮೇಷ್ಟರು. ದಿನವೂ ಪತ್ರಿಕೆ ಓದಿ, ಜಗಲಿಯ ಮೇಲೆ ಕೂತು, ಯುರೋಪಿನ ಭವಿಷ್ಯದ ಬಗ್ಗೆ ಗಂಭೀರ ಅಭಿಪ್ರಾಯಗಳನ್ನು ದಯಪಾಲಿಸುತ್ತಿದ್ದೆ. ಬೆಂಕಿಪೊಟ್ಟಣವಿಲ್ಲದ ಮನೆಯಲ್ಲಿ ಬೆಳಗಿನ ಕಾಫಿ ಹೇಗೆ ಬರುತ್ತಿದೆ ಎಂಬ ಬಗ್ಗೆ ಮಾತ್ರ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಬರುತ್ತಿತ್ತು, ಕುಡಿಯುತ್ತಿದ್ದೆ.

ನನ್ನ ಹೆಂಡತಿ ರಾತ್ರಿಯ ಅಡುಗೆ ಮುಗಿದ ಮೇಲೆ ಕೆಂಡವನ್ನು ಒಲೆಯ ಮೂಲೆಗೆ ಸರಿಸಿ, ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ಊದಿ ಉರಿ ಎಬ್ಬಿಸುತ್ತಿದ್ದಳು. ಇದು ನನಗೆ ಗೊತ್ತಾದದ್ದು ಅವಳು ಚಳಿಜ್ವರ ಹಿಡಿದು ಮಲಗಿದ ಮೇಲೆ. ನಾಲೆ ಬಂದಂದಿನಿಂದ ನಮ್ಮ ಸೀಮೆಯಲ್ಲಿ ಭತ್ತ, ಕಬ್ಬು, ಸೊಳ್ಳೆ ಮೂರೂ ಹುಲುಸಾಗಿ ಬೆಳೆಯುತ್ತಿದ್ದವು. ಕ್ವಿನೈನ್ ಮಾತ್ರ ಯುದ್ಧಕ್ಕೆ ಹೋಗಿಬಿಟ್ಟಿತ್ತು. ಮಂಡ್ಯದವರೆಗೆ ಹೋಗಿ ಬರಿಗೈಯಲ್ಲಿ ಬಂದೆ. ಚಳಿ ಏರಿದಾಗ ಬಿಸಿನೀರೋ ಗಂಜಿಯೋ ಹೊಟ್ಟೆಗೆ ಬೀಳಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅವಳಿಗೆ ಚಳಿ ಏರುತ್ತಿದ್ದುದು ಬೆಳಕು ಹರಿಯುವ ಹೊತ್ತಿಗೆ.

ಮಕ್ಕಳಿಲ್ಲದ ಮನೆ. ಒಲೆಯ ಆಡಳಿತ ನನ್ನ ಕೈಗೆ ಬಂತು. ಮೊದಲ ದಿನ ಕಬ್ಬಿನ ಒಣಸೋಗೆ ತುಂಬಿದೆ. ಉರಿಯೋ, ರಾಜಯೋಗ್ಯವಾಗಿತ್ತು. ಬೆಳಿಗ್ಗೆ ನೋಡಿದರೆ ಬರೀ ತಣ್ಣನೆಯ ಬೂದಿ. ಅವಳು ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತಿದ್ದಳು. ನಾನು ಕೆಂಡ ಕೇಳಿ ತರಲು ಒಡಕು ಹೆಂಚೊಂದನ್ನು ಹಿಡಿದು ಪಕ್ಕದ ಮನೆಯ ಅಜ್ಜಿಯ ಬಾಗಿಲಲ್ಲಿ ನಿಂತೆ.

"ಐಕ್ಳಿಗೆ ದೇಸದ ಇಸ್ಯವೆಲ್ಲ ಏಳ್ಕೊಡ್ತೀರಿ, ಒಂದ್ ಕೆಂಡ ಸಾಕಕ್ಕಾಗಕಿಲ್ವಾ ಮೇಷ್ಟ್ರೇ?"

"ಸೋಗೆ ಹಾಕಿದ್ದೆ ಅಜ್ಜಿ."

"ಸೋಗೇಲಿ ಕೆಂಡ ಉಳ್ದದ್ದ ಯಾವೂರಲ್ಲಿ ಕಂಡ್ರಿ? ಉಣ್ಸೆ ಕೊರಡು ಆಕಿ. ತಕ್ಕಳಿ, ಓಗಿ ಬೇಗ, ಆ ಎಣ್ಮಗಾ ನಡುಗ್ತಾ ಬಿದ್ದದೆ."

ಮರುದಿನಕ್ಕೆ ಹುಣಸೆ ಕೊರಡು ಹೊಂದಿಸಿದೆ. ಕೆಂಡದ ಮೇಲೆ ಬೂದಿ ಸುರಿದು, ಗಾರೆಯವನಂತೆ ತಟ್ಟಿ ತಟ್ಟಿ ಗಟ್ಟಿಮಾಡಿದೆ. ಬೆಳಿಗ್ಗೆ ಒಳಗಿದ್ದದ್ದು ಇದ್ದಿಲು. ಮತ್ತೆ ಹೆಂಚು, ಮತ್ತೆ ಬಾಗಿಲು.

"ಇವತ್ತು ಸುಕ್ರವಾರ ಕಣಪ್ಪ. ಮನೆ ಬೆಂಕಿ ಆಚೆಗೆ ಕೊಡಕಿಲ್ಲ."

"ಅವಳಿಗೆ ಚಳಿ ಏರಿದೆ ಅಜ್ಜಿ."

"ನಂಗ್ ಗೊತ್ತಿಲ್ವಾ? ಗಂಜಿ ಕಾಯ್ಸಿಕೊಡ್ತೀನಿ, ನಿಂತ್ಕಳಿ."

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕೊಡಬಹುದಾದದ್ದನ್ನು ಕೊಟ್ಟಳು. ಗಂಜಿ ಬರುವಷ್ಟರಲ್ಲಿ ಚಳಿ ಇಳಿದು ಜ್ವರ ಏರಿತ್ತು. ಎರಡು ಗುಟುಕು ಬಾಯಿಗೆ ಹೋಗಿ, ಎರಡೂ ದಿಂಬಿನ ಮೇಲೆ ಬಂದವು.

ಸಂಜೆ ಕಣ್ಣು ಬಿಟ್ಟಾಗ ಅವಳು ಮಲಗಿದಲ್ಲಿಂದಲೇ ಪಾಠ ಹೇಳಿದಳು. "ಕೊರಡಿನ ಕೆಂಡದ್ ಮ್ಯಾಲೆ ಒಂದ್ ಚೂರು ಬೆರಣಿ ಮುರ್ದಿಡಿ. ಆಮೇಲೆ ಬೂದಿ ಉದುರ್ಸಿ. ತಟ್ಟಬ್ಯಾಡಿ ಕಣ್ರೀ. ಅದೂ ಉಸುರಾಡ್ಬೇಕು."

"ದಿನಾ ಇಷ್ಟೆಲ್ಲ ಮಾಡ್ತಿದ್ಯಾ?"

"ಇನ್ಯಾರು ಮಾಡಾರು? ನಿಮ್ ಯುರೋಪಿನೋರಾ?"

ನಕ್ಕೆ. ಅವಳೂ ನಗಲು ನೋಡಿದಳು. ಮದುವೆಯಾದಂದಿನಿಂದ ಒಂದು ಬೆಳಿಗ್ಗೆಯೂ ತಪ್ಪದ ಆ ಕೆಲಸಕ್ಕೆ ನಾನು ಕೆಲಸವೆಂಬ ಹೆಸರನ್ನೂ ಕೊಟ್ಟಿರಲಿಲ್ಲ. ಸೂರ್ಯ ಹುಟ್ಟುತ್ತಾನೆ, ಒಲೆ ಹೊತ್ತುತ್ತದೆ ಎಂದುಕೊಂಡಿದ್ದೆ. ಅದನ್ನು ಅವಳಿಗೆ ಹೇಳಬೇಕೆನಿಸಿತು. ನಾಳೆ ಬಿಸಿನೀರು ಕೊಡುತ್ತಾ ಹೇಳೋಣ, ಆಗ ಮಾತಿಗೆ ತೂಕ ಬರುತ್ತದೆ ಎಂದು ಉಳಿಸಿಕೊಂಡೆ. ಮೇಷ್ಟರ ಬುದ್ಧಿ.

ಶುಕ್ರವಾರದ ಕಟ್ಟಿಲ್ಲದ ಕಮ್ಮಾರನ ಕುಲುಮೆಯಿಂದ ಕೆಂಡ ತಂದು ಒಲೆ ಹೊತ್ತಿಸಿ, ರಾತ್ರಿ ಅವಳು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಇಕ್ಕಳದಿಂದ ಬೂದಿ ಸರಿಸಿದರೆ ಒಳಗೆ ಕೆಂಪು.

"ಉಳ್ಕೊಂಡಿದೆ ಕಣೇ!" ಎಂದು ಕೂಗಿದೆ. ಊದುಗೊಳವೆಯಲ್ಲಿ ಊದಿದೆ, ಕಣ್ಣಲ್ಲಿ ನೀರು ಬರುವವರೆಗೆ. ನೀರು ಕುದಿಯಿತು. ಲೋಟ ಹಿಡಿದು ಹೋದಾಗ ಅವಳು ನಡುಗುತ್ತಿರಲಿಲ್ಲ. ಜ್ವರ ಬಿಟ್ಟಿತೆಂದು ಸಂತೋಷಪಟ್ಟೆ. ಹಣೆ ಮುಟ್ಟುವವರೆಗೆ ಆ ಸಂತೋಷ ಇತ್ತು.

ಬಿಸಿಲೇರುವ ಹೊತ್ತಿಗೆ ಕೇರಿಯ ಹಿರಿಯರು ನೆರೆದರು. ಚಿತೆಗೆ ಹೋಗುವ ಬೆಂಕಿ ಸತ್ತವರ ಮನೆಯ ಒಲೆಯದೇ ಆಗಬೇಕು.

"ಒಲೇಲಿ ಬೆಂಕಿ ಐತಾ?" ಎಂದು ಒಬ್ಬರು ಕೇಳಿದರು.

"ಐತೆ," ಎಂದಳು ಅಜ್ಜಿ. "ಮೇಷ್ಟ್ರೇ ಉಳ್ಸವ್ರೆ."

ಹಿರಿಯರು ಬಗ್ಗಿ ಒಲೆ ನೋಡಿ, "ಕೆಂಡ ಸೆಂದಾಗೈತೆ," ಎಂದರು. ಈ ವಿದ್ಯೆಯಲ್ಲಿ ನಾನು ಪಾಸಾದದ್ದಕ್ಕೆ ಸಿಕ್ಕ ಸರ್ಟಿಫಿಕೇಟು ಅದೊಂದೇ. ಕೆಂಡವನ್ನು ಹೊಸ ಮಡಕೆಗೆ ತುಂಬಿ, ಹಗ್ಗ ಕಟ್ಟಿ, ನನ್ನ ಕೈಗೆ ಕೊಟ್ಟರು. ನಾನು ಮುಂದೆ ನಡೆದೆ. ಅವಳು ಹಿಂದೆ ಬಂದಳು.

ಶಿಂಷಾ ದಂಡೆಯ ಸುಡುಗಾಡು ನಮ್ಮ ಬೀದಿಗೆ ಹತ್ತಿರವೇನಲ್ಲ. ದಾರಿಯುದ್ದಕ್ಕೂ ಕೆಂಡ ಆರಿಹೋಗಲಿ ಎಂದು ಬಯಸಿದೆ. ಆರಲಿಲ್ಲ.