ಒನಾಳ ಅಂಗಳದ ನಿಂಬೆತುಳಸಿ

ಜಾವಾ ದ್ವೀಪದ ಗಾರುತ್ ಊರಿನ ನಮ್ಮ ಗಲ್ಲಿಯಲ್ಲಿ ಊಟದ ಹೊತ್ತಾದರೆ ಸಾಕು, ಎಲ್ಲರೂ ಪಕ್ಕದ ಮನೆ ಒನಾಳ ಅಂಗಳಕ್ಕೆ ನುಗ್ಗುತ್ತಾರೆ. ಅನ್ನ, ಖಾರದ ಸಾಂಬಾಲ್ ಚಟ್ನಿ, ಕರಿದ ಮೀನು ಎಲ್ಲ ಇದ್ದರೂ ನಂಜಿಕೊಳ್ಳಲು ಹಸಿ ನಿಂಬೆತುಳಸಿ ಇಲ್ಲದಿದ್ದರೆ ನಮಗೆ ಅದು ಊಟವೇ ಅಲ್ಲ. ಒನಾ ಸಂತೆಯಲ್ಲಿ ಮೀನು ಮಾರುವವಳು. ಅಂಗಳದ ನಿಂಬೆತುಳಸಿ ಗಿಡಗಳಿಗೆ ಅಕ್ಕಿ ತೊಳೆದ ನೀರು ಬಿಟ್ಟು ಬೇರೇನೂ ಹಾಕಳು. ಕೇಳಿದವರಿಗೆಲ್ಲ, "ಕಿತ್ಕೊಳ್ಳಿ, ಕಿತ್ಕೊಳ್ಳಿ!" ಎನ್ನುತ್ತಾಳೆ. ನಾನೋ ನನ್ನ ಅಂಗಳದಲ್ಲೂ ಅದನ್ನೇ ನೆಟ್ಟು, ಕೋಳಿಗೊಬ್ಬರ ಹಾಕಿ, ಬೇಲಿ ಕಟ್ಟಿ, ಒಬ್ಬರಿಗೂ ಮುಟ್ಟಗೊಡದೆ ಬೆಳೆಸಿದೆ. ನನ್ನ ಗಿಡಗಳು ಹೂ ಬಿಟ್ಟು ಕಡ್ಡಿಯಾದವು. ನನಗೆ ಹೊಟ್ಟೆ ಉರಿಯದೆ ಇನ್ನೇನು?

ಒಂದು ದಿನ ಅವಳು ಸಂತೆಗೆ ಹೋದಾಗ ಅವಳ ಗಿಡಗಳ ಕುಡಿಗಳನ್ನೆಲ್ಲ ಚಿವುಟಿ ಎಸೆದೆ. ಎರಡೇ ವಾರದಲ್ಲಿ ಚಿವುಟಿದಲ್ಲೆಲ್ಲ ಎರಡೆರಡು ಕವಲೊಡೆದು ಅಂಗಳ ಪೊದೆಯಾಯಿತು.

ಒನಾ ದೊಡ್ಡ ಕಟ್ಟು ಸೊಪ್ಪು ಹಿಡಿದು ನನ್ನ ಬಾಗಿಲಿಗೆ ಬಂದಳು.

"ತಗೊಳ್ಳಕ್ಕಾ. ಎಲ್ಲಾ ನಿನ್ ಕೈಗುಣ."

"ನಂದೇನೇ ಇದ್ರಲ್ಲಿ?"

"ಎದುರುಮನೆ ಅಜ್ಜಿ ನೋಡಿದ್ಲಂತೆ, ಸುಮ್ನಿರು. ತಿಂಗಳಿಗೊಂದ್ಸಲ ಬಂದು ಚಿವುಟಿ ಹೋಗು. ಹಾಗೇ ನಿನ್ ಬೇಲೀನೂ ಕಿತ್ತಾಕು, ಜನ ಕಿತ್ಕೊಂಡ್ರೇನೇ ಅದೂ ಚಿಗುರೋದು. ನಿನ್ ಗಿಡ ನೋಡಿನೂ ಯಾರಾದ್ರೂ ಹೊಟ್ಟೆ ಉರ್ಕೊಳ್ಳಲಿ."